ಒಂದು ವೇರಿಯಬಲ್, ಮೂರು ವಿಳಾಸ: ಸಿ ಭಾಷೆಯಲ್ಲಿ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು ಮೆಮೊರಿ ವಿಳಾಸಗಳೊಂದಿಗೆ ಪಟ್ಟಿ ಮಾಡುವ ಬಗೆ

ಸಿ ಭಾಷೆಯಲ್ಲಿ ಪಾಯಿಂಟರ್‌ವರೆಗೆ ಬಂದವರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ: ಪ್ರೋಗ್ರಾಮಿಗೆ ಹೊರಗಿನಿಂದ ಸಿಗುವ ಸೆಟ್ಟಿಂಗುಗಳಾದ ಪಾತ್, ಹೋಮ್, ಲ್ಯಾಂಗ್ ಮುಂತಾದ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು ನನ್ನ ಪ್ರೋಗ್ರಾಮಿನ ಮೆಮೊರಿಯಲ್ಲಿ ಎಲ್ಲಿ ಕುಳಿತಿವೆ? ಪ್ರಶ್ನೆ ಸರಳವಾಗಿ ಕಂಡರೂ ಅದಕ್ಕೆ ಒಂದೇ ಉತ್ತರವಿಲ್ಲ. ಒಂದೊಂದು ವೇರಿಯಬಲ್‌ಗೂ ಮೂರು ವಿಳಾಸಗಳಿವೆ. ಪಾಯಿಂಟರ್‌ಗಳ ಅರೇಯಲ್ಲಿ ಅದಕ್ಕೆ ಮೀಸಲಾದ ಜಾಗದ ವಿಳಾಸ ಮೊದಲನೆಯದು; ಆ ಪಾಯಿಂಟರ್ ತೋರಿಸುವ, ‘ಹೆಸರು=ಬೆಲೆ’ ರೂಪದ ಸ್ಟ್ರಿಂಗ್ ಆರಂಭವಾಗುವ ವಿಳಾಸ ಎರಡನೆಯದು; ಸಮಚಿಹ್ನೆಯನ್ನು ದಾಟಿ ಬೆಲೆ ಮಾತ್ರ ಆರಂಭವಾಗುವ ವಿಳಾಸ ಮೂರನೆಯದು. ಇವು ಮೂರನ್ನೂ ಬೇರೆ ಬೇರೆ ಅಂಕಣಗಳಲ್ಲಿ ಮುದ್ರಿಸುವ ಪ್ರೋಗ್ರಾಮನ್ನು ಇಲ್ಲಿ ಕಟ್ಟೋಣ. ಅರೇಯ ಒಂದೊಂದು ಜಾಗವನ್ನೂ ಚೌಕಾಬಾರದ ಮನೆಯಂತೆ ‘ಮನೆ’ ಎಂದೇ ಕರೆಯುತ್ತೇನೆ. ಅದರಿಂದ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಇಲ್ಲಿ ಹೇಳುವುದೆಲ್ಲ 64 ಬಿಟ್‌ನ ಇಂಟೆಲ್ ಅಥವಾ ಎಎಂಡಿ ಯಂತ್ರದ ಮೇಲಿನ ಲಿನಕ್ಸ್, ಜಿಸಿಸಿ ಕಂಪೈಲರ್ ಮತ್ತು ಜಿಲಿಬ್‌ಸಿ ಲೈಬ್ರರಿಗೆ ಅನ್ವಯಿಸುತ್ತದೆ. ಉಬುಂಟು, ಡೆಬಿಯನ್, ಫೆಡೋರಾ, ಯಾವುದಾದರೂ ಆದೀತು. ಕೋಡಿನ ಕೀವರ್ಡುಗಳನ್ನೂ ಲೈಬ್ರರಿ ಹೆಸರುಗಳನ್ನೂ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಕೀಬೋರ್ಡಿನಲ್ಲಿ ಅವನ್ನು ಎಂದಿನಂತೆ ಇಂಗ್ಲಿಷ್ ಅಕ್ಷರಗಳಲ್ಲಿಯೇ ಒತ್ತಬೇಕು. ಆದರೆ ನಾವೇ ಇಡುವ ವೇರಿಯಬಲ್ ಹೆಸರುಗಳನ್ನು ಕನ್ನಡದಲ್ಲಿಯೇ ಬಿಡಬಹುದು, ಏಕೆಂದರೆ 2020ರಲ್ಲಿ ಬಂದ ಜಿಸಿಸಿ 10ನೇ ಆವೃತ್ತಿಯಿಂದ ಈಚೆಗೆ ಯುಟಿಎಫ್-8 ಅಕ್ಷರಗಳ ಹೆಸರುಗಳನ್ನು ಕಂಪೈಲರ್ ನೇರವಾಗಿ ಒಪ್ಪಿಕೊಳ್ಳುತ್ತದೆ.

ಮೊದಲು ಮೆಮೊರಿಯ ಚಿತ್ರ

ಎನ್ವಿರಾನ್‌ಮೆಂಟ್ ಎಂಬ ಏರ್ಪಾಡು 1979ರ ಯುನಿಕ್ಸ್ ಏಳನೆಯ ಆವೃತ್ತಿಯಲ್ಲಿ ಬಂದದ್ದು. ಅಂದಿನ ರಚನೆಯೇ ಇಂದಿಗೂ ಉಳಿದಿದೆ. ಒಂದು ಪ್ರೋಗ್ರಾಮನ್ನು ಚಾಲೂ ಮಾಡುವಾಗ ಶೆಲ್ (ಟರ್ಮಿನಲ್‌ನಲ್ಲಿ ನಮ್ಮ ಕಮಾಂಡುಗಳನ್ನು ಓದುವ ಪ್ರೋಗ್ರಾಂ) ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಅನ್ನು ಕರೆಯುತ್ತದೆ; ‘ಎಕ್ಸೆಕ್‌ವಿಇ’ ಎಂಬ ಸಿಸ್ಟಮ್ ಕಾಲ್ ಮೂಲಕ ಕರ್ನಲ್‌ಗೆ ಮೂರು ಸಂಗತಿಗಳನ್ನು ಒಪ್ಪಿಸುತ್ತದೆ: ಫೈಲಿನ ಹೆಸರು, ಆರ್ಗ್ಯುಮೆಂಟುಗಳು, ಎನ್ವಿರಾನ್‌ಮೆಂಟ್ ಸ್ಟ್ರಿಂಗುಗಳು. ಕರ್ನಲ್ ಇವುಗಳನ್ನು ಹೊಸ ಪ್ರೋಗ್ರಾಮಿನ ಸ್ಟ್ಯಾಕ್‌ನ, ಅಂದರೆ ಫಂಕ್ಷನ್ನುಗಳ ಲೋಕಲ್ ವೇರಿಯಬಲ್‌ಗಳು ಇರುವ ಮೆಮೊರಿ ಭಾಗದ, ತುತ್ತತುದಿಯಲ್ಲಿ ನಕಲು ಮಾಡಿಟ್ಟು, ಆಮೇಲೆ ಪ್ರೋಗ್ರಾಮನ್ನು ಓಡಲು ಬಿಡುತ್ತದೆ. ಎಂದರೆ ಮೇನ್ ಫಂಕ್ಷನ್ನಿನ ಮೊದಲ ಸಾಲು ಓಡುವ ಮುಂಚೆಯೇ ನಿಮ್ಮ ಎನ್ವಿರಾನ್‌ಮೆಂಟ್ ಸ್ಟ್ಯಾಕ್‌ನ ಅಟ್ಟದ ಮೇಲೆ ಸಿದ್ಧವಾಗಿ ಕುಳಿತಿರುತ್ತದೆ.

ಆ ಅಟ್ಟವನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಬಂದರೆ, ತೀರ ಮೇಲೆ ಎಂಟು ಸೊನ್ನೆ ಬೈಟುಗಳಿವೆ; ಅವುಗಳ ಕೆಳಗೆ ಪ್ರೋಗ್ರಾಂ ಫೈಲಿನ ಹೆಸರು; ಅದರ ಕೆಳಗೆ ಎನ್ವಿರಾನ್‌ಮೆಂಟ್ ಸ್ಟ್ರಿಂಗುಗಳು ಒಂದಕ್ಕೊಂದು ಅಂಟಿಕೊಂಡಂತೆ; ಅವುಗಳ ಕೆಳಗೆ ಆರ್ಗ್ಯುಮೆಂಟ್ ಸ್ಟ್ರಿಂಗುಗಳು. ಇನ್ನೂ ಕೆಳಗೆ ಇಳಿದರೆ ಕರ್ನಲ್ ಒದಗಿಸುವ ಕೆಲವು ಪೂರಕ ಮಾಹಿತಿಗಳಿದ್ದು, ಅವುಗಳ ಕೆಳಗೆ ಎನ್ವಿರಾನ್‌ಮೆಂಟ್ ಪಾಯಿಂಟರ್‌ಗಳ ಅರೇ, ಅದಕ್ಕೂ ಕೆಳಗೆ ಆರ್ಗ್ಯುಮೆಂಟ್ ಪಾಯಿಂಟರ್‌ಗಳ ಅರೇ ಇರುತ್ತವೆ. ಎರಡು ಅರೇಗಳೂ ನಲ್ ಪಾಯಿಂಟರ್‌ನಿಂದ ಮುಗಿಯುತ್ತವೆ. ಇದರಲ್ಲಿ ನೆನಪಿಟ್ಟುಕೊಳ್ಳಲೇಬೇಕಾದ ಅಂಶ ಒಂದು: ಆರಂಭದಲ್ಲಿ ಮನೆಗಳು ಕೆಳಗೆ, ಸ್ಟ್ರಿಂಗುಗಳು ಮೇಲೆ. ದೋಷ ಹುಡುಕುವಾಗ ಈ ಒಂದು ಅಂಶದಿಂದ ಎಷ್ಟು ಕೆಲಸ ಆಗುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಹೆಜ್ಜೆ 1: ಅರೇಯನ್ನು ತಲುಪುವ ದಾರಿ

ದಾರಿಗಳು ಮೂರಿವೆ. ಮೇನ್ ಫಂಕ್ಷನ್ನಿಗೆ ‘ಎನ್ವ್‌ಪಿ’ ಎಂಬ ಮೂರನೆಯ ಪ್ಯಾರಾಮೀಟರ್ ಕೊಡುವುದು ಮೊದಲನೆಯದು. ಹಳೆಯ ಪಾಠಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಸಿ ಸ್ಟ್ಯಾಂಡರ್ಡ್ ಇದನ್ನು ಕಡ್ಡಾಯವಾಗಿ ಇರಲೇಬೇಕಾದ ರೂಪವೆಂದು ಹೇಳದೆ, ಅನೇಕ ಕಡೆ ಕಂಡುಬರುವ ವಿಸ್ತರಣೆ ಎಂದಷ್ಟೇ ಗುರುತಿಸುತ್ತದೆ; ಆದರೂ ಲಿನಕ್ಸಿನಲ್ಲಿ ಇದು ಕೆಲಸ ಮಾಡುತ್ತದೆ.

ಎರಡನೆಯದು ‘ಎನ್ವಿರಾನ್’ ಎಂಬ ಜಾಗತಿಕ ವೇರಿಯಬಲ್. ಹೆಸರಿನ ಕೊನೆಯಲ್ಲಿ ‘ಮೆಂಟ್’ ಇಲ್ಲ ಎಂಬುದನ್ನು ಗಮನಿಸಿ. ಅಭ್ಯಾಸಬಲದಿಂದ ಪೂರ್ತಿ ಪದ ಒತ್ತಿ, ಲಿಂಕರ್ ಬೈದ ಮೇಲೆ ತಲೆ ಕೆರೆದುಕೊಳ್ಳುವವರನ್ನು ನೋಡಿದ್ದೇನೆ. ಯುನಿಕ್ಸ್ ಬಗೆಯ ವ್ಯವಸ್ಥೆಗಳ ಮಾನದಂಡವಾದ ಪೋಸಿಕ್ಸ್ ನಿಯಮದ ಪ್ರಕಾರ ಇದರ ಡಿಕ್ಲರೇಶನ್ ಅನ್ನು ಬಳಸುವವರೇ ಬರೆದುಕೊಳ್ಳಬೇಕು. ಮೂರನೆಯದು ‘ಗೆಟ್‌ಎನ್ವ್’ ಫಂಕ್ಷನ್. ಅದು ಹೆಸರು ಗೊತ್ತಿರುವ ಒಂದು ವೇರಿಯಬಲ್‌ನ ಬೆಲೆಯ ವಿಳಾಸವನ್ನು, ಅಂದರೆ ನಮ್ಮ ಮೂರನೆಯ ಅಂಕಣವನ್ನು, ಹಿಂದಿರುಗಿಸುತ್ತದೆ. ಪಟ್ಟಿ ಮಾಡುವ ಕೆಲಸಕ್ಕೆ ಅದು ಒದಗುವುದಿಲ್ಲ.

ನನ್ನ ಸಲಹೆ ‘ಎನ್ವಿರಾನ್’. ಪ್ರೋಗ್ರಾಂ ಓಡುತ್ತಿರುವಾಗ ಎನ್ವಿರಾನ್‌ಮೆಂಟ್ ಬದಲಾದರೆ ಆ ಬದಲಾವಣೆ ಕಾಣುವುದು ಇದರಲ್ಲಿ. ‘ಎನ್ವ್‌ಪಿ’ ಮಾತ್ರ ಕರ್ನಲ್ ಇಟ್ಟ ಮೂಲ ಅರೇಯನ್ನೇ ಹಿಡಿದುಕೊಂಡು ಕೂರುತ್ತದೆ. ಏಳನೆಯ ಹೆಜ್ಜೆಯಲ್ಲಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡೋಣ.

ಹೆಜ್ಜೆ 2: ಪ್ರೋಗ್ರಾಂ ಬರೆಯುವುದು

ಮೊದಲು ಸ್ಟ್ಯಾಂಡರ್ಡ್ ಐಒ ಮತ್ತು ಸ್ಟ್ರಿಂಗ್ ಹೆಡರ್ ಫೈಲುಗಳನ್ನು ಇನ್‌ಕ್ಲೂಡ್ ಮಾಡಿಕೊಳ್ಳಿ. ಆಮೇಲೆ ಹೀಗೆ ಬರೆಯಿರಿ:

ಎಕ್ಸ್‌ಟರ್ನ್ ಚಾರ್ **ಎನ್ವಿರಾನ್;

ಇಂಟ್ ಮೇನ್(ವಾಯ್ಡ್)
{
    ಫಾರ್ (ಚಾರ್ **ಮನೆ = ಎನ್ವಿರಾನ್; *ಮನೆ != ನಲ್; ಮನೆ++) {
        ಚಾರ್ *ಸಮ = ಸ್ಟ್ರ್‌ಚರ್(*ಮನೆ, '=');
        ಇಫ್ (ಸಮ == ನಲ್)
            ಕಂಟಿನ್ಯೂ;
        ಪ್ರಿಂಟ್‌ಎಫ್("%ಪಿ  %ಪಿ  %ಪಿ  %ಎಸ್\ಎನ್",
            (ವಾಯ್ಡ್ *)ಮನೆ,
            (ವಾಯ್ಡ್ *)*ಮನೆ,
            (ವಾಯ್ಡ್ *)(ಸಮ + 1),
            *ಮನೆ);
    }
    ರಿಟರ್ನ್ 0;
}

ಇದರಲ್ಲಿ ತಡೆದು ನೋಡಬೇಕಾದದ್ದು ನಕ್ಷತ್ರಚಿಹ್ನೆಗಳ ಲೆಕ್ಕ. ‘ಮನೆ’ ಎಂದು ಸುಮ್ಮನೆ ಬರೆದರೆ ಅರೇಯ ಆ ಜಾಗದ ವಿಳಾಸ ಸಿಗುತ್ತದೆ. ಮುಂದೆ ಒಂದು ನಕ್ಷತ್ರ ಹಾಕಿದರೆ ಆ ಜಾಗದಲ್ಲಿ ಇಟ್ಟಿರುವ ಪಾಯಿಂಟರ್, ಅಂದರೆ ಸ್ಟ್ರಿಂಗಿನ ವಿಳಾಸ ಸಿಗುತ್ತದೆ. ಎರಡು ನಕ್ಷತ್ರ ಹಾಕಿದರೆ ಸ್ಟ್ರಿಂಗಿನ ಮೊದಲ ಬೈಟ್. ‘ವೇರಿಯಬಲ್‌ನ ವಿಳಾಸ ಮುದ್ರಿಸಿದೆ’ ಎಂದು ಹೇಳುವವರಲ್ಲಿ ಬಹುಪಾಲು ಜನ ಮೊದಲ ಎರಡರಲ್ಲಿ ಯಾವುದನ್ನು ಮುದ್ರಿಸಿದರೆಂದು ತಾವೇ ಗಮನಿಸಿರುವುದಿಲ್ಲ.

ಎರಡನೆಯದಾಗಿ, ವಿಳಾಸ ಮುದ್ರಿಸಲು ‘%ಪಿ’ಯನ್ನೇ ಬಳಸಿ, ಮತ್ತು ಪಾಯಿಂಟರ್ ಅನ್ನು ‘ವಾಯ್ಡ್ *’ ರೂಪಕ್ಕೆ ಪರಿವರ್ತಿಸಿಯೇ ಕೊಡಿ. ಸ್ಟ್ಯಾಂಡರ್ಡ್ ಹಾಗೆಯೇ ಕೇಳುತ್ತದೆ. ‘%ಡಿ’ ಅಥವಾ ‘%ಎಕ್ಸ್’ ಬಳಸಿದರೆ 64 ಬಿಟ್ ವಿಳಾಸದ ಕೆಳಗಿನ 32 ಬಿಟ್ ಮಾತ್ರ ಅಚ್ಚಾಗಿ, ನೋಡಲು ಸರಿಯಾಗಿಯೇ ಇರುವ ಆದರೆ ಯಾವುದಕ್ಕೂ ಬಾರದ ಅಂಕಿಯೊಂದು ಕೈಗೆ ಬರುತ್ತದೆ.

ಮೂರನೆಯದಾಗಿ, ಸಮಚಿಹ್ನೆ ಇದೆಯೇ ಎಂದು ಪರೀಕ್ಷಿಸುವ ಸಾಲನ್ನು ಬಿಡಬೇಡಿ. ಎನ್ವಿರಾನ್‌ಮೆಂಟಿನ ಪ್ರತಿ ಸ್ಟ್ರಿಂಗೂ ‘ಹೆಸರು=ಬೆಲೆ’ ರೂಪದಲ್ಲಿರುವುದು ಪದ್ಧತಿಯೇ ಹೊರತು ಕರ್ನಲ್ ಅದನ್ನು ಪರಿಶೀಲಿಸುವುದಿಲ್ಲ. ಸಮಚಿಹ್ನೆ ಇಲ್ಲದ ಸ್ಟ್ರಿಂಗನ್ನೂ, ಒಂದೇ ಹೆಸರಿನ ಎರಡು ಸ್ಟ್ರಿಂಗುಗಳನ್ನೂ ಅದು ತಕರಾರಿಲ್ಲದೆ ಸಾಗಿಸುತ್ತದೆ. ಹಾಗೆಯೇ ಬೆಲೆಯೊಳಗೆ ಇನ್ನೊಂದು ಸಮಚಿಹ್ನೆ ಇರಬಹುದಾದ್ದರಿಂದ, ಹುಡುಕಬೇಕಾದದ್ದು ಮೊದಲನೆಯದನ್ನು. ‘ಸ್ಟ್ರ್‌ಚರ್’ ಎಡದಿಂದ ಹುಡುಕುತ್ತದೆ. ಬಲದಿಂದ ಹುಡುಕುವ ಅದರ ಜೋಡಿ ಫಂಕ್ಷನ್ನನ್ನು ಇಲ್ಲಿ ಬಳಸಬಾರದು. ‘ಕ್ಲಿಯರ್‌ಎನ್ವ್’ ಕರೆದ ಮೇಲೆ ‘ಎನ್ವಿರಾನ್’ ತಾನೇ ನಲ್ ಆಗಿರುತ್ತದೆ. ಈ ಲೂಪನ್ನು ದೊಡ್ಡ ಪ್ರೋಗ್ರಾಮಿನ ನಡುವೆ ಇಡುವವರು ಆ ಪರೀಕ್ಷೆಯನ್ನೂ ಸೇರಿಸಿಕೊಳ್ಳಲಿ.

ಹೆಜ್ಜೆ 3: ಮೊದಲ ಓಟ

ಸಾಮಾನ್ಯ ಎಚ್ಚರಿಕೆಗಳನ್ನು ತೋರಿಸುವ ‘-ವಾಲ್’ ಆಯ್ಕೆಯೊಂದಿಗೆ ಕಂಪೈಲ್ ಮಾಡಿ, ‘-ಒ’ ಆಯ್ಕೆಯ ಮುಂದೆ ಕನ್ನಡದಲ್ಲಿಯೇ ‘ಪಟ್ಟಿ’ ಎಂದು ಹೆಸರು ಕೊಡಿ. ಈ ಹೆಸರಿನ ಬೈಟುಗಳನ್ನು ಮುಂದಿನ ಹೆಜ್ಜೆಯಲ್ಲಿ ಎಣಿಸಲಿಕ್ಕಿದೆ. ಆಮೇಲೆ ಟರ್ಮಿನಲ್‌ನಲ್ಲಿ ./ಪಟ್ಟಿ ಎಂದು ಓಡಿಸಿ.

ಹತ್ತಾರು ಸಾಲುಗಳು ಸುರಿಯುತ್ತವೆ. ಮೂರೂ ಅಂಕಣಗಳ ವಿಳಾಸಗಳು ಹದಿನಾರರ ಪದ್ಧತಿಯಲ್ಲಿ, ‘7ಎಫ್‌ಎಫ್’ ಎಂಬ ಅಂಕಿಗಳಿಂದ ಆರಂಭವಾಗಿರುತ್ತವೆ. ಅದು ಸ್ಟ್ಯಾಕ್‌ನ ಗುರುತು. ಮೊದಲ ಅಂಕಣದಲ್ಲಿ ಸಾಲಿನಿಂದ ಸಾಲಿಗೆ ಸರಿಯಾಗಿ 8 ಬೈಟುಗಳ ಏರಿಕೆ ಇದೆ, ಏಕೆಂದರೆ 64 ಬಿಟ್ ಯಂತ್ರದಲ್ಲಿ ಪಾಯಿಂಟರ್ ಒಂದರ ಗಾತ್ರ ಅಷ್ಟು. ಎರಡನೆಯ ಅಂಕಣದ ಏರಿಕೆ ಆಯಾ ಸ್ಟ್ರಿಂಗಿನ ಉದ್ದಕ್ಕೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತದೆ. ಬ್ಯಾಶ್ ಶೆಲ್‌ನಿಂದ ಎಕ್ಸ್‌ಪೋರ್ಟ್ ಆದ ಫಂಕ್ಷನ್ನುಗಳಿದ್ದರೆ ಅವುಗಳ ಬೆಲೆಯೊಳಗೆ ಹೊಸ ಸಾಲುಗಳೂ ಇರುವುದರಿಂದ ಪಟ್ಟಿ ಅಲ್ಲಲ್ಲಿ ಮುರಿದಂತೆ ಕಾಣಬಹುದು. ಅದು ನಿಮ್ಮ ಕೋಡಿನ ತಪ್ಪಲ್ಲ.

ಈ ಔಟ್‌ಪುಟ್ ಅನ್ನು ಹಾಗೆಯೇ ನಕಲು ಮಾಡಿ ಇನ್ನೊಬ್ಬರಿಗೆ ಕಳುಹಿಸುವ ಮುನ್ನ ಒಮ್ಮೆ ಕಣ್ಣಾಡಿಸಿ. ಡೇಟಾಬೇಸ್ ಪಾಸ್‌ವರ್ಡ್, ಕ್ಲೌಡ್ ಸೇವೆಗಳ ಟೋಕನ್ ಮುಂತಾದವನ್ನು ಎನ್ವಿರಾನ್‌ಮೆಂಟಿನಲ್ಲಿ ಇಡುವ ಪರಿಪಾಠ ಇಂದು ವ್ಯಾಪಕವಾಗಿದೆ.

ಹೆಜ್ಜೆ 4: ಕನ್ನಡದ ಎರಡು ವೇರಿಯಬಲ್‌ಗಳ ಪುಟ್ಟ ಎನ್ವಿರಾನ್‌ಮೆಂಟ್

ಐವತ್ತು ಸಾಲುಗಳ ಪಟ್ಟಿಯಿಂದ ಏನೂ ಕಲಿಯಲಾಗುವುದಿಲ್ಲ. ಎಲ್ಲವನ್ನೂ ಖಾಲಿ ಮಾಡಿ, ನಮಗೆ ಗೊತ್ತಿರುವ ಎರಡೇ ವೇರಿಯಬಲ್‌ಗಳನ್ನು ಕೊಟ್ಟು ಓಡಿಸಿದರೆ ಪ್ರತಿಯೊಂದು ಬೈಟಿಗೂ ಲೆಕ್ಕ ಹೇಳಬಹುದು. ಇದಕ್ಕೆ ‘ಎನ್ವ್’ ಎಂಬ ಕಮಾಂಡ್ ಇದೆ; ಅದಕ್ಕೆ ‘-ಐ’ ಆಯ್ಕೆ ಕೊಟ್ಟರೆ ಹಳೆಯ ಎನ್ವಿರಾನ್‌ಮೆಂಟ್ ಪೂರ್ತಿ ಕಳಚಿಹೋಗುತ್ತದೆ. ಟರ್ಮಿನಲ್‌ನಲ್ಲಿ ಹೀಗೆ ಬರೆಯಿರಿ:

ಎನ್ವ್ -ಐ ಊರು=ಹಾಸನ ಬೆಳೆ=ರಾಗಿ ./ಪಟ್ಟಿ

ವೇರಿಯಬಲ್‌ನ ಹೆಸರೇ ಕನ್ನಡದಲ್ಲಿರುವುದನ್ನು ಕಂಡು ಕೆಲವರು ಹುಬ್ಬೇರಿಸಬಹುದು. ಬ್ಯಾಶ್‌ನ ಒಳಗೆ ‘ಊರು=ಹಾಸನ’ ಎಂದು ನೇರವಾಗಿ ಕೊಟ್ಟರೆ ಅದು ಒಪ್ಪುವುದಿಲ್ಲ, ಏಕೆಂದರೆ ಶೆಲ್ ವೇರಿಯಬಲ್‌ನ ಹೆಸರಿಗೆ ಅದು ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್‌ಗಳನ್ನು ಮಾತ್ರ ಬಿಡುತ್ತದೆ. ‘ಎನ್ವ್’ ಕಮಾಂಡಿಗೆ ಬೇಕಾದದ್ದು ಸಮಚಿಹ್ನೆ ಒಂದೇ. ಕರ್ನಲ್‌ಗಂತೂ ಅದೂ ಬೇಡ.

ಈಗ ಬೈಟುಗಳ ಲೆಕ್ಕ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟಿಗೂ 3 ಬೈಟುಗಳು. ಕಣ್ಣಿಗೆ ಒಂದೇ ಅಕ್ಷರವಾಗಿ ಕಂಡರೂ ವ್ಯಂಜನ ಒಂದು ಕೋಡ್ ಪಾಯಿಂಟ್, ಅದಕ್ಕೆ ಹತ್ತಿದ ಸ್ವರಚಿಹ್ನೆ ಇನ್ನೊಂದು. ‘ಊರು’ ಎಂಬಲ್ಲಿ ಊ, ರ, ಉಕಾರದ ಚಿಹ್ನೆ ಎಂಬ ಮೂರಿದ್ದು 9 ಬೈಟುಗಳಾಗುತ್ತವೆ, ‘ಹಾಸನ’ದಲ್ಲಿ ಹ, ಆಕಾರದ ಚಿಹ್ನೆ, ಸ, ನ ಸೇರಿ 12, ನಡುವಿನ ಸಮಚಿಹ್ನೆ 1. ಒಟ್ಟು 22, ಕೊನೆಯಲ್ಲಿ ಸ್ಟ್ರಿಂಗ್ ಮುಗಿಸುವ ಸೊನ್ನೆ ಬೈಟ್ ಸೇರಿ 23. ಇದೇ ರೀತಿ ‘ಬೆಳೆ=ರಾಗಿ’ ಎಂಬುದು 12, 1, 12 ಮತ್ತು ಸೊನ್ನೆ ಸೇರಿ 26 ಬೈಟುಗಳು. ಫೈಲಿನ ಹೆಸರಾದ ‘./ಪಟ್ಟಿ’ಯಲ್ಲಿ ಚುಕ್ಕಿ ಮತ್ತು ಓರೆಗೆರೆಗೆ 2, ಪ, ಟ, ಹಲಂತ, ಟ, ಇಕಾರಕ್ಕೆ 15, ಸೊನ್ನೆಗೆ 1, ಒಟ್ಟು 18.

ಮೇಲೆ ಹೇಳಿದ ಅಟ್ಟದ ಚಿತ್ರವನ್ನು ಈ ಅಂಕಿಗಳೊಂದಿಗೆ ಹೊಂದಿಸೋಣ. ಸ್ಟ್ಯಾಕ್‌ನ ತುದಿ ಯಾವಾಗಲೂ ಪೇಜ್ (ಕರ್ನಲ್ ಮೆಮೊರಿ ಹಂಚುವ 4096 ಬೈಟುಗಳ ತುಂಡು) ಒಂದರ ಅಂಚಿನಲ್ಲಿ, ಅಂದರೆ 4096ರ ಗುಣಕವಾದ ವಿಳಾಸದಲ್ಲಿ ಮುಗಿಯುತ್ತದೆ. ಅಲ್ಲಿಂದ ಕೆಳಕ್ಕೆ 8 ಸೊನ್ನೆ ಬೈಟುಗಳು, ಫೈಲಿನ ಹೆಸರಿನ 18, ‘ಬೆಳೆ’ಯ 26, ‘ಊರು’ವಿನ 23 ಎಂದು ಕಳೆಯುತ್ತ ಬಂದರೆ, ಹದಿನಾರರ ಪದ್ಧತಿಯಲ್ಲಿ ‘ಬೆಳೆ’ ಸ್ಟ್ರಿಂಗಿನ ವಿಳಾಸದ ಕೊನೆಯ ಮೂರು ಅಂಕಿಗಳು ಎಫ್‌ಸಿಸಿ ಎಂದೂ, ‘ಊರು’ ಸ್ಟ್ರಿಂಗಿನ ಕೊನೆಯ ಮೂರು ಅಂಕಿಗಳು ಎಫ್‌ಬಿ5 ಎಂದೂ ಬರಬೇಕು. ಮೂರನೆಯ ಅಂಕಣದಲ್ಲಿ ‘ಹಾಸನ’ ಅದಕ್ಕಿಂತ 10 ಬೈಟ್ ಮುಂದೆ, ಅಂದರೆ ಎಫ್‌ಬಿಎಫ್‌ನಲ್ಲಿ. ‘ರಾಗಿ’ 13 ಬೈಟ್ ಮುಂದೆ, ಎಫ್‌ಡಿ9ರಲ್ಲಿ. ಕಾಗದದ ಮೇಲೆ ಈ ಕಳೆಯುವ ಲೆಕ್ಕ ಮಾಡಿಟ್ಟುಕೊಂಡು ಆಮೇಲೆ ಎಂಟರ್ ಒತ್ತಿ. ಯಂತ್ರ ಮುದ್ರಿಸುವ ಮುನ್ನವೇ ವಿಳಾಸದ ಬಾಲವನ್ನು ಹೇಳಬಲ್ಲೆವು ಎಂಬುದು ಪಾಯಿಂಟರ್ ಕಲಿಯುವವರಿಗೆ ಕೊಡುವ ಧೈರ್ಯವೇ ಬೇರೆ.

ಹೆಜ್ಜೆ 5: ಓಡಿಸಿದಾಗಲೆಲ್ಲ ಬದಲಾಗುವುದು ಮತ್ತು ಬದಲಾಗದೇ ಇರುವುದು

ಅದೇ ಕಮಾಂಡನ್ನು ನಾಲ್ಕಾರು ಬಾರಿ ಓಡಿಸಿ. ವಿಳಾಸದ ನಡುವಿನ ಅಂಕಿಗಳು ಪ್ರತಿ ಬಾರಿಯೂ ಬೇರೆಯಾಗುತ್ತವೆ. ಇದು ಎಎಸ್‌ಎಲ್‌ಆರ್ ಎಂಬ ರಕ್ಷಣಾ ಕ್ರಮದ ಕೆಲಸ. 2005ರ ಲಿನಕ್ಸ್ 2.6.12 ಕರ್ನಲ್‌ನಿಂದ ಇದು ಜಾರಿಯಲ್ಲಿದೆ. ಮೆಮೊರಿಯ ಯಾವ ಭಾಗ ಎಲ್ಲಿದೆ ಎಂಬುದು ದಾಳಿಕೋರರಿಗೆ ಮೊದಲೇ ತಿಳಿಯದಂತೆ ಸ್ಟ್ಯಾಕ್, ಹೀಪ್ (ಪ್ರೋಗ್ರಾಂ ಓಡುವಾಗ ಬೇಕಾದಂತೆ ಪಡೆಯುವ ಮೆಮೊರಿ), ಲೈಬ್ರರಿಗಳನ್ನು ಪ್ರತಿ ಓಟದಲ್ಲೂ ಬೇರೆ ಬೇರೆ ಕಡೆ ಇಡುವುದು ಇದರ ಉದ್ದೇಶ. ಹಿಂದೆ ಎನ್ವಿರಾನ್‌ಮೆಂಟ್ ಸ್ಟ್ರಿಂಗಿನೊಳಗೆ ದುರುದ್ದೇಶದ ಕೋಡನ್ನು ಅಡಗಿಸಿಟ್ಟು, ನಾವು ಈಗ ಮಾಡಿದಂಥದೇ ಲೆಕ್ಕದಿಂದ ಅದರ ವಿಳಾಸವನ್ನು ಕಂಡುಹಿಡಿಯುತ್ತಿದ್ದ ಕಾಲವೊಂದಿತ್ತು.

ಈ 64 ಬಿಟ್ ಯಂತ್ರಗಳಲ್ಲಿ ಸ್ಟ್ಯಾಕ್‌ನ ತುದಿಯನ್ನು ಕರ್ನಲ್ 22 ಬಿಟ್‌ಗಳಷ್ಟು, ಅಂದರೆ ಸುಮಾರು 16 ಜಿಬಿ ವ್ಯಾಪ್ತಿಯಲ್ಲಿ, ಆಚೀಚೆ ಸರಿಸುತ್ತದೆ. ಆದ್ದರಿಂದಲೇ ವಿಳಾಸಗಳ ಮೊದಲ ನಾಲ್ಕು ಅಂಕಿಗಳು 7ಎಫ್‌ಎಫ್‌ಸಿಯಿಂದ 7ಎಫ್‌ಎಫ್‌ಎಫ್‌ವರೆಗಿನ ನಾಲ್ಕು ಸಾಧ್ಯತೆಗಳ ಒಳಗೇ ಉಳಿಯುತ್ತವೆ. ಆದರೆ ಸರಿಸುವುದು ಇಡೀ ಪೇಜ್‌ಗಳ ಲೆಕ್ಕದಲ್ಲಿ. 4096 ಬೈಟುಗಳ ಪೇಜ್ ಎಂದರೆ 12 ಬಿಟ್, ಎಂದರೆ ಹದಿನಾರರ ಪದ್ಧತಿಯ ಕೊನೆಯ ಮೂರು ಅಂಕಿಗಳು. ಹಾಗಾಗಿ ಎರಡನೆಯ ಅಂಕಣದ ಬಾಲ ಎಷ್ಟು ಬಾರಿ ಓಡಿಸಿದರೂ ಎಫ್‌ಬಿ5 ಮತ್ತು ಎಫ್‌ಸಿಸಿಯೇ. ಮೊದಲ ಅಂಕಣ, ಅಂದರೆ ಮನೆಗಳ ವಿಳಾಸ, ಹಾಗಲ್ಲ. ಸ್ಟ್ರಿಂಗುಗಳಿಗೂ ಪಾಯಿಂಟರ್ ಅರೇಗೂ ನಡುವೆ ಕರ್ನಲ್ ಇನ್ನೊಂದಿಷ್ಟು ಯಾದೃಚ್ಛಿಕ ಅಂತರವನ್ನು ಬಿಡುವುದರಿಂದ ಅದರ ಬಾಲವೂ ಬದಲಾಗುತ್ತಿರುತ್ತದೆ. ಎರಡು ಅಂಕಣಗಳನ್ನು ಬೇರೆಯಾಗಿ ಮುದ್ರಿಸದಿದ್ದರೆ ಈ ವ್ಯತ್ಯಾಸ ಕಣ್ಣಿಗೇ ಬೀಳುತ್ತಿರಲಿಲ್ಲ.

ಸ್ಥಿರವಾದ ವಿಳಾಸಗಳೇ ಬೇಕೆಂದರೆ, ಮೇಲಿನ ಕಮಾಂಡಿನ ಆರಂಭದಲ್ಲಿ ‘ಸೆಟ್‌ಆರ್ಕ್’ ಎಂಬ ಕಮಾಂಡನ್ನು ದೊಡ್ಡ ಅಕ್ಷರದ ‘-ಆರ್’ ಆಯ್ಕೆಯೊಂದಿಗೆ ಸೇರಿಸಿ. ಆ ಒಂದು ಓಟಕ್ಕೆ ಮಾತ್ರ ಎಎಸ್‌ಎಲ್‌ಆರ್ ಆರಿಹೋಗುತ್ತದೆ. ಇಡೀ ಯಂತ್ರಕ್ಕೆ ಅನ್ವಯಿಸುವ ಕರ್ನಲ್ ಸೆಟ್ಟಿಂಗ್ ಅನ್ನು ಸೊನ್ನೆ ಮಾಡಿ ಎಂದು ಹೇಳುವ ಪಾಠಗಳೂ ಇವೆ. ಒಂದು ಅಭ್ಯಾಸಕ್ಕಾಗಿ ಇಡೀ ಮನೆಯ ಬಾಗಿಲು ತೆರೆದಿಡುವ ಅಗತ್ಯ ನನಗೆ ಕಾಣುವುದಿಲ್ಲ.

ಹೆಜ್ಜೆ 6: ಹೊರಗಿನಿಂದ ತಾಳೆ ನೋಡುವುದು

ನಮ್ಮ ಪ್ರೋಗ್ರಾಂ ಹೇಳಿದ್ದನ್ನು ಕರ್ನಲ್‌ನ ಮಾತಿನೊಂದಿಗೆ ಹೋಲಿಸಲು ‘ಪ್ರಾಕ್’ ಫೈಲ್ ಸಿಸ್ಟಮ್ ಇದೆ. ಪ್ರತಿ ಪ್ರಾಸೆಸ್‌ಗೂ ಅಲ್ಲಿ ಅದರ ಸಂಖ್ಯೆಯ ಹೆಸರಿನ ಡೈರೆಕ್ಟರಿ ಇದ್ದು, ಅದರೊಳಗಿನ ‘ಎನ್ವಿರಾನ್’ ಫೈಲಿನಲ್ಲಿ ಕರ್ನಲ್ ಇಟ್ಟ ಮೂಲ ಸ್ಟ್ರಿಂಗುಗಳು ಸೊನ್ನೆ ಬೈಟುಗಳಿಂದ ಬೇರ್ಪಟ್ಟು ಸಾಲಾಗಿ ಸಿಗುತ್ತವೆ. ಪ್ರೋಗ್ರಾಮಿನ ಬದಲು ‘ಕ್ಯಾಟ್’ ಕಮಾಂಡನ್ನು ಅದೇ ಎರಡು ವೇರಿಯಬಲ್‌ಗಳೊಂದಿಗೆ ಓಡಿಸಿ, ‘ಸೆಲ್ಫ್’ ಡೈರೆಕ್ಟರಿಯ ಈ ಫೈಲನ್ನು ಓದಿಸಿ, ಬಂದದ್ದನ್ನು ಬೈಟ್ ಎಣಿಸುವ ‘ಡಬ್ಲ್ಯುಸಿ -ಸಿ’ಗೆ ಪೈಪ್ ಮಾಡಿದರೆ 49 ಎಂಬ ಉತ್ತರ ಬರುತ್ತದೆ. 23 ಮತ್ತು 26ರ ಮೊತ್ತ ಅದೇ.

ವಿಳಾಸಗಳೇ ಬೇಕಾದರೆ ಅದೇ ಡೈರೆಕ್ಟರಿಯ ‘ಸ್ಟ್ಯಾಟ್’ ಫೈಲಿನ 50 ಮತ್ತು 51ನೆಯ ಅಂಕಣಗಳನ್ನು ನೋಡಬೇಕು. ಎನ್ವಿರಾನ್‌ಮೆಂಟ್ ಆರಂಭವಾಗುವ ಮತ್ತು ಮುಗಿಯುವ ವಿಳಾಸಗಳು ಅಲ್ಲಿ ದಶಮಾನ ಅಂಕಿಗಳಲ್ಲಿವೆ. ನಿಮ್ಮ ಪ್ರೋಗ್ರಾಮಿನ ಕೊನೆಯಲ್ಲಿ ಒಂದು ‘ಗೆಟ್‌ಚಾರ್’ ಸೇರಿಸಿ ಅದನ್ನು ಕಾಯುವಂತೆ ಮಾಡಿದರೆ ಇನ್ನೊಂದು ಟರ್ಮಿನಲ್‌ನಿಂದ ಇವನ್ನು ನಿಧಾನವಾಗಿ ಓದಬಹುದು. ‘ಮ್ಯಾಪ್ಸ್’ ಫೈಲಿನಲ್ಲಿ ಸ್ಟ್ಯಾಕ್ ಎಂದು ಗುರುತಿಸಿದ ಸಾಲಿನ ಎರಡನೆಯ ವಿಳಾಸ ಆ ಪೇಜ್ ಅಂಚು.

ಹೆಜ್ಜೆ 7: ಬೆಲೆ ಬದಲಿಸಿದಾಗ ವಿಳಾಸಗಳು ಎಲ್ಲಿಗೆ ಹೋಗುತ್ತವೆ

ಮೇನ್ ಫಂಕ್ಷನ್ನಿಗೆ ಈಗ ಮೂರೂ ಪ್ಯಾರಾಮೀಟರ್‌ಗಳನ್ನು ಕೊಟ್ಟು, ಲೂಪಿನ ಮುಂಚೆ ‘ಎನ್ವ್‌ಪಿ’ ಮತ್ತು ‘ಎನ್ವಿರಾನ್’ ಎರಡರ ಬೆಲೆಗಳನ್ನೂ ಮುದ್ರಿಸಿ. ಎರಡೂ ಒಂದೇ. ಈಗ ‘ಸೆಟ್‌ಎನ್ವ್’ ಬಳಸಿ ಹೊಸದೊಂದು ವೇರಿಯಬಲ್ ಸೇರಿಸಿ, ಮತ್ತೆ ಮುದ್ರಿಸಿ. ‘ಎನ್ವ್‌ಪಿ’ ಇದ್ದಲ್ಲೇ ಇದೆ. ‘ಎನ್ವಿರಾನ್’ ಮಾತ್ರ ಸಾಮಾನ್ಯವಾಗಿ 55 ಅಥವಾ 56ರಿಂದ ಆರಂಭವಾಗುವ ವಿಳಾಸಕ್ಕೆ, ಅಂದರೆ ಹೀಪ್‌ಗೆ, ಗುಳೆ ಹೋಗಿದೆ. ಕಾರಣ ಸರಳ: ಮೂಲ ಅರೇಯ ಕೊನೆಯ ಮನೆಗೆ ತಾಗಿಕೊಂಡೇ ಕರ್ನಲ್‌ನ ಪೂರಕ ಮಾಹಿತಿ ಇರುವುದರಿಂದ ಅಲ್ಲಿ ಇನ್ನೊಂದು ಮನೆ ಕಟ್ಟಲು ಜಾಗವಿಲ್ಲ. ಲೈಬ್ರರಿ ಹೀಪ್‌ನಲ್ಲಿ ದೊಡ್ಡ ಅರೇಯನ್ನು ಪಡೆದು, ಹಳೆಯ ಪಾಯಿಂಟರ್‌ಗಳನ್ನೆಲ್ಲ ಅಲ್ಲಿಗೆ ನಕಲು ಮಾಡುತ್ತದೆ. ಗಮನಿಸಿ, ನಕಲಾಗುವುದು ಪಾಯಿಂಟರ್‌ಗಳು ಮಾತ್ರ. ಹಳೆಯ ಸ್ಟ್ರಿಂಗುಗಳು ಸ್ಟ್ಯಾಕ್‌ನಲ್ಲಿಯೇ ಇರುತ್ತವೆ. ಈಗ ಪಟ್ಟಿ ಮಾಡಿದರೆ ಮೊದಲ ಅಂಕಣವೆಲ್ಲ ಹೀಪ್‌ನ ವಿಳಾಸ, ಎರಡನೆಯ ಅಂಕಣದಲ್ಲಿ ಹೊಸ ವೇರಿಯಬಲ್ ಒಂದು ಮಾತ್ರ ಹೀಪ್, ಉಳಿದವೆಲ್ಲ ಸ್ಟ್ಯಾಕ್. ‘ಪ್ರಾಕ್’ನ ‘ಎನ್ವಿರಾನ್’ ಫೈಲಿನಲ್ಲಿ ಈ ಹೊಸ ವೇರಿಯಬಲ್ ಕಾಣುವುದೇ ಇಲ್ಲ. ಅದು ಮೂಲ ಜಾಗವನ್ನಷ್ಟೇ ತೋರಿಸುತ್ತದೆ. ಇದೇ ಕಾರಣಕ್ಕೆ ‘ಗೆಟ್‌ಎನ್ವ್’ ಕೊಟ್ಟ ಪಾಯಿಂಟರ್ ಅನ್ನು ಬಹುಕಾಲ ಹಿಡಿದಿಟ್ಟುಕೊಳ್ಳದೆ, ಬೇಕಾದರೆ ಬೆಲೆಯನ್ನೇ ನಕಲು ಮಾಡಿಕೊಳ್ಳುವುದು ಒಳ್ಳೆಯದು.

‘ಪುಟ್‌ಎನ್ವ್’ನ ಸ್ವಭಾವ ಬೇರೆ. ಅದು ಸ್ಟ್ರಿಂಗನ್ನು ನಕಲು ಮಾಡುವುದಿಲ್ಲ. ನೀವು ಕೊಟ್ಟ ಪಾಯಿಂಟರ್ ಅನ್ನೇ ಮನೆಯೊಳಗೆ ಇಟ್ಟುಬಿಡುತ್ತದೆ. ಇದರ ಪಾಠ ನನಗೆ ಬಂದದ್ದು ನನ್ನದೇ ತಪ್ಪಿನಿಂದ. ಸಮಯವಲಯವನ್ನು ಕೋಲ್ಕತ್ತಾಕ್ಕೆ ಹೊಂದಿಸುವ ಪುಟ್ಟ ಫಂಕ್ಷನ್ನೊಂದರಲ್ಲಿ 64 ಬೈಟುಗಳ ಲೋಕಲ್ ಅರೇಯಲ್ಲಿ ಸ್ಟ್ರಿಂಗನ್ನು ತಯಾರಿಸಿ ‘ಪುಟ್‌ಎನ್ವ್’ಗೆ ಕೊಟ್ಟಿದ್ದೆ. ಫಂಕ್ಷನ್ ಮುಗಿದ ಮೇಲೆ ಆ ಜಾಗವನ್ನು ಬೇರೆ ಫಂಕ್ಷನ್ನುಗಳು ತಮ್ಮ ಕೆಲಸಕ್ಕೆ ಬಳಸಿಕೊಂಡವು. ಸಮಯವಲಯದ ವೇರಿಯಬಲ್ ಮಾಯವಾಯಿತು. ಯುಟಿಸಿಯಲ್ಲಿದ್ದ ಸರ್ವರ್‌ನಲ್ಲಿ ಲಾಗ್‌ನ ಮೊದಲ ಕೆಲವು ಸಾಲುಗಳು ಸರಿಯಾದ ಸಮಯ ತೋರಿಸಿ, ಉಳಿದವೆಲ್ಲ ಐದೂವರೆ ಗಂಟೆ ಹಿಂದೆ ಬಿದ್ದವು. ಎರಡು ದಿನ ಸಮಯವಲಯದ ಫೈಲುಗಳನ್ನೇ ಅನುಮಾನಿಸಿದ ಮೇಲೆ, ಈ ಲೇಖನದ ಲೂಪನ್ನೇ ಕೋಡಿನ ನಡುವೆ ತುರುಕಿ ನೋಡಿದೆ. ಒಂದು ಸಾಲಿನ ಸ್ಟ್ರಿಂಗಿನ ವಿಳಾಸ ಸ್ಟ್ಯಾಕ್‌ನದೇ ಆಗಿತ್ತು, ಆದರೆ ‘ಎನ್ವ್‌ಪಿ’ಯ ವಿಳಾಸಕ್ಕಿಂತ ಕೆಳಗಿತ್ತು.

ಆರಂಭದಲ್ಲಿ ಹೇಳಿದ ಅಂಶ ಇಲ್ಲಿ ಕೆಲಸಕ್ಕೆ ಬರುತ್ತದೆ. ಕರ್ನಲ್ ಇಟ್ಟ ಸ್ಟ್ರಿಂಗುಗಳೆಲ್ಲ ಮೂಲ ಅರೇಗಿಂತ ಮೇಲಿನ ವಿಳಾಸದಲ್ಲಿರಬೇಕು. ಸ್ಟ್ರಿಂಗಿನ ವಿಳಾಸ 55 ಅಥವಾ 56ರಿಂದ ಆರಂಭವಾಗಿದ್ದರೆ ಅದು ಹೀಪ್‌ನಲ್ಲಿದೆ ಅಥವಾ ಪ್ರೋಗ್ರಾಮಿನ ಸ್ವಂತ ಡೇಟಾ ಭಾಗದಲ್ಲಿದೆ. ಅಲ್ಲಿಗೆ ಅದು ‘ಸೆಟ್‌ಎನ್ವ್’ನಿಂದಲೋ, ಸ್ಟ್ಯಾಟಿಕ್ ಅರೇಯನ್ನು ‘ಪುಟ್‌ಎನ್ವ್’ಗೆ ಕೊಟ್ಟಿದ್ದರಿಂದಲೋ ಬಂದಿರುತ್ತದೆ. ವಿಳಾಸ 7ಎಫ್‌ಎಫ್‌ನಿಂದ ಆರಂಭವಾಗಿಯೂ ‘ಎನ್ವ್‌ಪಿ’ಗಿಂತ ಕೆಳಗಿದ್ದರೆ, ಯಾವುದೋ ಫಂಕ್ಷನ್ನಿನ ಲೋಕಲ್ ಅರೇ ಎನ್ವಿರಾನ್‌ಮೆಂಟಿನೊಳಗೆ ನುಸುಳಿದೆ ಎಂದೇ ತಿಳಿಯಬೇಕು. ಇದನ್ನು ಕೋಡಿನಲ್ಲಿ ಹೋಲಿಸುವಾಗ ಎರಡೂ ಪಾಯಿಂಟರ್‌ಗಳನ್ನು ‘ಯುಇಂಟ್‌ಪಿಟಿಆರ್_ಟಿ’ ಎಂಬ ಪೂರ್ಣಾಂಕ ರೂಪಕ್ಕೆ ತಂದುಕೊಳ್ಳಿ. ಬೇರೆ ಬೇರೆ ವಸ್ತುಗಳ ಪಾಯಿಂಟರ್‌ಗಳನ್ನು ನೇರವಾಗಿ ಹೋಲಿಸುವುದಕ್ಕೆ ಸಿ ಭಾಷೆಯಲ್ಲಿ ಅರ್ಥ ನಿಗದಿಯಾಗಿಲ್ಲ.

ಬೇರೆ ವ್ಯವಸ್ಥೆಗಳು, ಮತ್ತು ಜಿಡಿಬಿ

ಮ್ಯಾಕ್‌ಓಎಸ್‌ನಲ್ಲಿ ಸಾಮಾನ್ಯ ಪ್ರೋಗ್ರಾಮಿಗೆ ಇದೇ ಕೋಡ್ ಸಾಕು. ಶೇರ್ಡ್ ಲೈಬ್ರರಿಯೊಳಗೆ ಮಾತ್ರ ‘ಎನ್ವಿರಾನ್’ ನೇರವಾಗಿ ಸಿಗುವುದಿಲ್ಲ, ಅದಕ್ಕೆ ಪ್ರತ್ಯೇಕ ಫಂಕ್ಷನ್ ಇದೆ. ವಿಂಡೋಸ್‌ನಲ್ಲಿ ಅಂಡರ್‌ಸ್ಕೋರ್‌ನಿಂದ ಆರಂಭವಾಗುವ ‘_ಎನ್ವಿರಾನ್’ ಇದೆ, ಆದರೆ ಅದು ಸಿ ಲೈಬ್ರರಿ ತಾನೇ ಮಾಡಿಕೊಂಡ ನಕಲನ್ನು ತೋರಿಸುವುದರಿಂದ ಮೇಲಿನ ಅಟ್ಟದ ಲೆಕ್ಕ ಅಲ್ಲಿ ಹೊಂದುವುದಿಲ್ಲ.

ದೋಷ ಹುಡುಕುವ ಸಾಧನವಾದ ಜಿಡಿಬಿ ಒಳಗೆ ಇದೇ ಪ್ರೋಗ್ರಾಮನ್ನು ಓಡಿಸಿದಾಗ ವಿಳಾಸಗಳು ಹೊರಗಿನವುಗಳಿಗೆ ಹೊಂದದಿದ್ದರೆ ಗಾಬರಿಯಾಗಬೇಡಿ. ಜಿಡಿಬಿ ತಾನಾಗಿಯೇ ಎಎಸ್‌ಎಲ್‌ಆರ್ ಆರಿಸುತ್ತದೆ. ಟರ್ಮಿನಲ್‌ನ ಅಗಲ ಮತ್ತು ಸಾಲುಗಳನ್ನು ಹೇಳುವ ‘ಕಾಲಮ್ಸ್’ ಮತ್ತು ‘ಲೈನ್ಸ್’ ಎಂಬ ಎರಡು ವೇರಿಯಬಲ್‌ಗಳನ್ನು ಸೇರಿಸುತ್ತದೆ. ಪ್ರೋಗ್ರಾಮನ್ನು ಪೂರ್ಣ ಪಾತ್ ಹೆಸರಿನಿಂದ ಕರೆಯುತ್ತದೆ. ಅಟ್ಟದ ಮೇಲೆ ಸೇರಿದ ಒಂದೊಂದು ಬೈಟೂ ತನಗಿಂತ ಕೆಳಗಿನ ಸ್ಟ್ರಿಂಗುಗಳನ್ನು ಒಂದೊಂದು ಬೈಟ್ ಕೆಳಕ್ಕೆ ತಳ್ಳುತ್ತದೆ. ಹೊಂದಾಣಿಕೆ ಬೇಕೆಂದರೆ ಜಿಡಿಬಿಯ ‘ಅನ್‌ಸೆಟ್ ಎನ್ವಿರಾನ್‌ಮೆಂಟ್’ ಕಮಾಂಡಿನಿಂದ ಆ ಎರಡನ್ನೂ ತೆಗೆದುಹಾಕಿ, ಹೊರಗೆ ಓಡಿಸುವಾಗಲೂ ಪ್ರೋಗ್ರಾಮಿನ ಪೂರ್ಣ ಪಾತ್ ಅನ್ನೇ ಬರೆಯಿರಿ. ಆಮೇಲೂ ವ್ಯತ್ಯಾಸ ಉಳಿದಿದ್ದರೆ ಎರಡೂ ಕಡೆಯ ಪಟ್ಟಿಗಳನ್ನು ಫೈಲುಗಳಿಗೆ ಬರೆಸಿ ‘ಡಿಫ್’ ಮಾಡಿ ನೋಡಿ; ಜಿಡಿಬಿ ಪ್ರೋಗ್ರಾಮನ್ನು ಶೆಲ್ ಮೂಲಕ ಚಾಲೂ ಮಾಡುವುದರಿಂದ, ಆ ಶೆಲ್ ಸೇರಿಸಿದ ಅಂಡರ್‌ಸ್ಕೋರ್ ಹೆಸರಿನ ವೇರಿಯಬಲ್ಲೋ, ಒಳಶೆಲ್‌ಗಳ ಆಳ ಎಣಿಸುವ ವೇರಿಯಬಲ್ಲೋ ಅಲ್ಲಿ ಸಿಕ್ಕಿಬೀಳುತ್ತದೆ.